ಗೇಟು ದಾಟಿದ ಬಿತ್ತನೆ ರಾಗಿ

ಪುಟ್ಟೀ, ಚಿನ್ನೂ,

ನನ್ನ ತೌರು ಹೊನ್ನೂರು ಆಗ ಬೇರೆ ಸರ್ಕಾರದ್ದು ಎಂದು ಮೊನ್ನೆ ಊಟದ ಹೊತ್ತಿನಲ್ಲಿ ಹೇಳಿದ್ದಕ್ಕೆ ನೀವಿಬ್ಬರೂ ನಕ್ಕಿರಿ. ನಗುವಂಥದ್ದೇ. ಹೊನ್ನೂರಿನಿಂದ ನಮ್ಮೂರಿಗೆ ಬಸ್ಸಿನಲ್ಲಿ ಕೂತರೆ ಈಗ ಒಂದು ತೂಕಡಿಕೆ ಮುಗಿಯುವುದರೊಳಗೆ ಬಂದುಬಿಡುತ್ತೇವೆ. ಆಗಲೇ ಬಿಡಿಸಿ ಹೇಳಬೇಕೆಂದಿದ್ದೆ. ನಾಲ್ಕು ಜನ ಎದುರಿಗೆ ಕೂತರೆ ನನ್ನ ಮಾತು ಗಂಟಲು ದಾಟುವುದಿಲ್ಲ, ಇದು ಈಗಿನದಲ್ಲ, ಚಿಕ್ಕಂದಿನಿಂದಲೂ ಹೀಗೇ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯೆ ಮಧ್ಯೆ ಆಯಾಸವಾಗಿ ನಿಲ್ಲಿಸಿದ್ದೇನೆ, ಶಾಯಿಯ ಬಣ್ಣ ಬೇರೆ ಬೇರೆ ಇದ್ದರೆ ಅದಕ್ಕೆ.

ಆಗ ಹೊನ್ನೂರು, ಎಳಂದೂರು ಕಡೆಯೆಲ್ಲ ಮಹಾರಾಜರ ಸಂಸ್ಥಾನಕ್ಕೆ ಸೇರಿತ್ತು. ಕೊಳ್ಳೇಗಾಲ, ಹನೂರು, ಸತ್ತೇಗಾಲ ಮದ್ರಾಸು ಸರ್ಕಾರಕ್ಕೆ ಸೇರಿದ್ದವು. ಈ ಕಡೆಯವರಿಗೆ ದೊಡ್ಡ ಕಚೇರಿ ಎಂದರೆ ಕೊಯಮತ್ತೂರು. ನನ್ನನ್ನು ಕೊಟ್ಟದ್ದು ಸತ್ತೇಗಾಲದ ಪಕ್ಕ, ಕಾವೇರಿ ದಂಡೆಯ ಈ ಊರಿಗೆ. ಸುಮ್ಮನೆ ನೋಡಿದರೆ ಎರಡು ಕಡೆಯೂ ಅದೇ ಮಣ್ಣು, ಅದೇ ಮುದ್ದೆ, ಅದೇ ಮಾತು. ಆದರೆ ಯುದ್ಧದ ಕಾಲದಿಂದ ಧಾನ್ಯಕ್ಕೆಲ್ಲ ಕಂಟ್ರೋಲು ಬಂದಿತ್ತು. ಒಂದು ಸರ್ಕಾರದ ಕಾಳು ಇನ್ನೊಂದು ಸರ್ಕಾರದ ನೆಲಕ್ಕೆ ಹೋಗಕೂಡದು. ದಾರಿಗೆ ಅಡ್ಡಲಾಗಿ ಒಂದು ಬಿದಿರು ಗಳ ಕಟ್ಟಿ, ಪಕ್ಕದಲ್ಲಿ ಗುಡಿಸಲು ಹಾಕಿ, ಕಾವಲಿನವರನ್ನು ಇಟ್ಟಿದ್ದರು. ಜನ ಅದನ್ನು ಗೇಟು ಎನ್ನುತ್ತಿದ್ದರು. ಜನ ದಾಟಬಹುದು, ದನ ದಾಟಬಹುದು, ಕಾಳು ದಾಟುವ ಹಾಗಿಲ್ಲ.

ನನ್ನ ಅತ್ತೆಯ ಮನೆಯಲ್ಲಿ ಕರಿಗಿಡ್ಡ ಎಂಬ ರಾಗಿ ಇತ್ತು. ಗಿಡ ಕುಳ್ಳು, ತೆನೆ ಮುಷ್ಟಿ ಕಟ್ಟಿದ ಹಾಗೆ. ಹೊಳೆಯ ಗಾಳಿಗೆ ಮಲಗುತ್ತಿರಲಿಲ್ಲ, ತಡವಾಗಿ ಬಿತ್ತಿದರೂ ಬೇಗ ಕೈಗೆ ಬರುತ್ತಿತ್ತು. ಹೊಳೆ ಬಂದು ಹೋಗುವ ನೆಲಕ್ಕೆ ಅಂಥದ್ದೇ ಬೇಕು. ನಮ್ಮ ಮದುವೆಯ ಮಾತು ಆದ ವರ್ಷ ಅತ್ತೆ ಅದರಲ್ಲಿ ಸ್ವಲ್ಪವನ್ನು ನನ್ನ ಅಪ್ಪನಿಗೆ ಕೊಟ್ಟಿದ್ದರು. ಸ್ವಲ್ಪವೇ ಇದ್ದದ್ದರಿಂದ ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಅಪ್ಪ ಅದನ್ನು ಹೊನ್ನೂರಿನ ಹೊಲದಲ್ಲಿ ಬಿತ್ತಿ ಬೆಳೆದರು. ಮರುವರ್ಷ ನನ್ನ ಮದುವೆಯಾಯಿತು.

ಮೊದಲ ಆಷಾಢಕ್ಕೆ ನಾನು ತೌರಿಗೆ ಬಂದೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದು, ಅಳಿಯನೂ ಅತ್ತೆ ಮನೆಯ ಹೊಸಿಲು ತುಳಿಯಬಾರದು. ನಾನು ತೌರಿನಲ್ಲಿ ಇದ್ದಾಗಲೇ ಹೊಳೆ ಬಂತೆಂದು ಸುದ್ದಿಯಾಯಿತು. ಮಾಂಬಳ್ಳಿ ಸಂತೆಯಿಂದ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಊರೇ ಹೋಯಿತು ಎಂದರು, ಏನೂ ಆಗಿಲ್ಲ ಎಂದರು. ನಾನು ಯಾರನ್ನೂ ಏನೂ ಕೇಳಲಿಲ್ಲ. ಹೊಸದಾಗಿ ಮದುವೆಯಾದವಳು ಗಂಡನ ಊರಿನ ಮೇಲೆ ಅಷ್ಟು ಕಾತರ ತೋರಿಸಿದರೆ ಆಡಿಕೊಳ್ಳುತ್ತಾರೆಂಬ ನಾಚಿಕೆ.

ಒಂದು ದಿನ ನಿಮ್ಮ ತಾತ ಬಂದರು. ನಮ್ಮ ಮನೆಗಲ್ಲ, ಎದುರು ಮನೆಯ ಜಗಲಿಗೆ. ಆಷಾಢವಲ್ಲವೇ. ಅವ್ವ ಬಾಗಿಲ ಹಿಂದೆ ಸರಿದು, ಪಕ್ಕದ ಮನೆಯವಳ ಕೈಯಲ್ಲಿ ನೀರು, ಬೆಲ್ಲ ಕಳಿಸಿದರು. ನಾನು ಕದದ ಸಂದಿಯಲ್ಲಿ ನಿಂತಿದ್ದೆ. ಅವರ ಕಾಲಿಗೆ ಮೊಣಕಾಲವರೆಗೂ ಒಣಗಿದ ಕೆಸರು. ಅಪ್ಪ ಹೋಗಿ ಪಕ್ಕದಲ್ಲಿ ಕುಳಿತರು.

"ಮನೆ ನಿಂತದಾ?" ಎಂದರು ಅಪ್ಪ.

"ಮನೆ ನಿಂತದೆ ಮಾವ. ಒಟ್ಲು ಓಯ್ತು. ಅಗೇವಿಗೂ ನೀರು ನುಗ್ಗದೆ. ಬಾಯ್ ತೆಗುದ್ರೆ ನಿಂತ್ಕಳಕಾಗಲ್ಲ, ಅಂಗೆ ನಾರ್ತದೆ."

ಒಟ್ಲು ಎಂದರೆ ರಾಗಿ ಪೈರು ಬೆಳೆಸುವ ಪಾತಿ. ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ನೀವು ನೋಡಿಲ್ಲ. ಉಣ್ಣುವ ರಾಗಿ, ಬಿತ್ತನೆ ರಾಗಿ ಎರಡೂ ಅದರಲ್ಲೇ ಇದ್ದವು. ಊರಿನ ಎಲ್ಲರದೂ ಹಾಗೇ ಹೋಗಿತ್ತು. ಶ್ರಾವಣ ಕಳೆಯುವುದರೊಳಗೆ ಮತ್ತೆ ಒಟ್ಲು ಬಿಡದಿದ್ದರೆ ಆ ವರ್ಷ ಹೊಲ ಬೀಳು.

"ಸರ್ಕಾರದೋರು ಬಿತ್ನೆ ಕೊಡ್ತಾರೆ ಅಂತ ಸಾರಿಸವ್ರಂತಲ್ಲ?"

"ಸಾರ್ಸವ್ರೆ. ಪಟ್ಟಾ ಯಾರ್ ಎಸ್ರಲ್ಲಿದ್ದದೋ ಅವ್ರಿಗೇ ಕೊಡದಂತೆ. ನಮ್ದು ಇನ್ನೂ ನಮ್ಮಪ್ಪನ್ ಎಸ್ರಲ್ಲೇ ಅದೆ. ಕೊಳ್ಳೇಗಾಲಕ್ಕೋದ್ರೆ ಅವ್ರ್ನೇ ಕರ್ಕಂಡ್ ಬಾ ಅಂತಾರೆ."

"ಕರ್ಕಂಡ್ ಬರಕೆ ಬೀಗ್ರೇನ್ ಸಂತೆಗೋಗವ್ರಾ?"

ನಿಮ್ಮ ತಾತ ನಕ್ಕರು. ಅವರ ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಕಂದಾಯವನ್ನು ಮಾತ್ರ ಸರ್ಕಾರದವರು ಆ ಹೆಸರಿನಲ್ಲೇ ತಪ್ಪದೆ ಕಟ್ಟಿಸಿಕೊಳ್ಳುತ್ತಿದ್ದರು.

ನಿಮ್ಮ ತಾತ ಬಿತ್ತನೆ ಹುಡುಕಿ ಹನೂರಿಗೂ ಹೋಗಿ ಬಂದಿದ್ದರು. ಅದು ಒಂದೇ ಸರ್ಕಾರ, ಗೇಟಿನ ಕಾಟವಿಲ್ಲ. ಆದರೆ ಅಲ್ಲಿ ಮಳೆಯೇ ಬಿದ್ದಿರಲಿಲ್ಲ. ತಮಗೇ ಇರಲೆಂದು ಯಾರೂ ಬಿತ್ತನೆ ಹೊರಗೆ ತೆಗೆಯುತ್ತಿರಲಿಲ್ಲ. ಕೊಟ್ಟರೂ ಅದು ಕಾಡಂಚಿನ ಹೊಲದ ರಾಗಿ, ನಿಧಾನದ್ದು. ಶ್ರಾವಣದಲ್ಲಿ ಬಿತ್ತಿದರೆ ಹೊಡೆ ಬಿಚ್ಚಿ ತೆನೆ ಬರುವ ಹೊತ್ತಿಗೆ ಚಳಿ ಬಂದಿರುತ್ತದೆ. ಕರಿಗಿಡ್ಡ ಉಳಿದಿದ್ದದ್ದು ಒಂದೇ ಕಡೆ, ನಮ್ಮ ಅಪ್ಪನ ಮನೆಯಲ್ಲಿ ಕಾಳು ತುಂಬುವ ಮಣ್ಣಿನ ವಾಡೆಯಲ್ಲಿ. ಗೇಟಿನ ಆಚೆ, ಸಂಸ್ಥಾನದಲ್ಲಿ.

ಅಪ್ಪ ಕದ್ದು ಏನನ್ನೂ ಮಾಡುವವರಲ್ಲ. ಮರುದಿನವೇ ಎಳಂದೂರಿಗೆ ಹೋಗಿ ಅಪ್ಪಣೆ ಕೇಳಿದರು. ಕಚೇರಿಯಲ್ಲಿ ಕೂತಿದ್ದವರು ಒಳ್ಳೆಯವರೇ. ಕುಡಿಯಲು ನೀರು ಕೊಡಿಸಿ, "ನಿಮ್ಮ ಅಳಿಯ ನಮ್ಮ ಸಂಸ್ಥಾನದವನಲ್ಲವಲ್ಲಪ್ಪ. ನಮ್ಮ ಕಡೆ ಹೊಳೆ ಬಂದಿದ್ದರೆ ನಾನೇ ಮುಂದೆ ನಿಂತು ಕೊಡಿಸುತ್ತಿದ್ದೆ" ಎಂದರಂತೆ. ಕೊಳ್ಳೇಗಾಲದ ಕಚೇರಿಯಿಂದ ಕಾಗದ ತಂದರೆ ನೋಡೋಣ ಎಂದರಂತೆ. ಕೊಳ್ಳೇಗಾಲಕ್ಕೆ ಹೋದರೆ ಅಲ್ಲಿ, ಮೊದಲು ಎಳಂದೂರಿನವರು ಕಾಳು ಬಿಡುತ್ತೇವೆಂದು ಬರೆದುಕೊಡಲಿ ಎಂದರಂತೆ.

"ನಾನ್ ಬುಟ್ನಾ? ಒಳೆಗೆ ಯೋಳ್ಬೇಕಾಗಿತ್ತು ಸಾ, ನಮ್ ಕಡೇಕೇ ಬಾ ಅಂತ, ಅಂದ್ಬುಟ್ಟೆ" ಎಂದು ಅಪ್ಪ ಮನೆಗೆ ಬಂದು ಹೇಳಿದರು. ಅಲ್ಲೇ ಹೀಗೆ ಅಂದರೋ, ದಾರಿಯಲ್ಲಿ ಹೊಳೆದದ್ದನ್ನು ಮನೆಗೆ ಬಂದು ಅಂದರೋ ನನಗೆ ಗೊತ್ತಿಲ್ಲ. ಅಪ್ಪನ ಕಾಲು ಊದಿದ್ದವು. ಅವ್ವ ಬಿಸಿನೀರು ಕಾಯಿಸಿ ಕೊಟ್ಟು, ಒಲೆಯ ಮುಂದೆ ಕುಳಿತರು. ಆಮೇಲೆ ಒಲೆಯ ಕಡೆಗೇ ಮುಖ ಮಾಡಿ ಹೇಳಿದರು:

"ಕಾಳ್ ಕಳಿಸ್ಬೇಡಿ ಅಂತಾರೆ. ಮಡ್ಲು ತುಂಬ್ಬೇಡಿ ಅಂತ ಯಾರಾದ್ರೂ ಅಂದವ್ರಾ?"

ಆಷಾಢ ಕಳೆದು ಗಂಡನ ಮನೆಗೆ ಹೊರಟ ಮಗಳ ಮಡಿಲು ತುಂಬದೆ ಕಳಿಸುವುದುಂಟೇ. ಅಮಾವಾಸ್ಯೆ ದಾಟಿದ ಮೇಲೆ ಅವ್ವ ನನ್ನನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿದರು. ಸೆರಗಿನ ಒಳಗೆ ಒಂದು ಹಳೆಯ ಸೀರೆಯ ತುಂಡು ಹಾಸಿ, ಅದರ ತುಂಬ ಕರಿಗಿಡ್ಡ ಸುರಿದರು. ಮೇಲೆ ಅಕ್ಕಿ, ಅದರ ಮೇಲೆ ಅಚ್ಚುಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಬಳೆ. ಸೊಂಟಕ್ಕೆ ಸುತ್ತಿ ಗಂಟು ಹಾಕಿದಾಗ ನಾನು ಎದ್ದು ನಿಲ್ಲಲು ಕಷ್ಟವಾಯಿತು. ಅವ್ವ ತೋಳು ಹಿಡಿದು ಎಬ್ಬಿಸಿದರು.

"ನಿಮ್ಮತ್ತೆ ಕೈಗೇ ಕೊಡವ್ವ. ಅವ್ರ ಮನೆ ರಾಗಿ, ಅವ್ರಿಗೇ ಓಗ್ಲಿ."

ನಾಟಿ ಹಾಕುವುದಾದರೆ ರಾಗಿಗೆ ಬಿತ್ತನೆ ಹೆಚ್ಚು ಬೇಡ. ಆ ಮಡಿಲು ಅತ್ತೆಯ ಹೊಲಕ್ಕೆ ಸಾಕಾಗುತ್ತಿತ್ತು.

ಗಾಡಿಯಲ್ಲಿ ನಾನು, ಅಪ್ಪ. ಗೇಟಿನ ಹತ್ತಿರ ಬಂದಾಗ ಕಾವಲಿನವನು ಗುಡಿಸಲಿನಿಂದ ಬಂದು, ಗಾಡಿಯ ಹುಲ್ಲಿನೊಳಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದ. ವಯಸ್ಸಾದವನು, ಮೀಸೆಗೆ ನಶ್ಯ ಹತ್ತಿತ್ತು.

"ಎಲ್ಗೆ ಯಜಮಾನ್ರೆ?"

"ಮಗಳ್ನ ಗಂಡನ್ ಮನೆಗೆ ಬುಡಕೋಯ್ತಾ ಇವ್ನಿ ಸಾ. ಆಸಾಡ ಕಳೀತಲ್ಲ."

"ಕಳೀತು ಕಳೀತು. ಬೆಳಗಿಂದ ಅದೇ ನೋಡ್ತಾ ಕೂತಿವ್ನಿ." ಅವನ ಕಣ್ಣು ನನ್ನ ಮಡಿಲಿನ ಮೇಲೆ ನಿಂತಿತು. "ಮಡ್ಲಲ್ಲೇನವ್ವಾ?"

ನಾನು ತಲೆ ಬಗ್ಗಿಸಿ ಕೂತಿದ್ದೆ. ಅಪ್ಪ ಹೇಳಿದರು: "ಮಡ್ಲಲ್ಲಿ ಮಡ್ಲಕ್ಕಿ ಇರ್ತದೆ ಸಾ. ಬಿಚ್ಚು ಅಂದ್ರೆ ಬಿಚ್ತಾಳೆ. ಆಮೇಕೆ ನಿಮ್ ಮನೆ ಎಣ್ಮಕ್ಳೇ ಬಂದು ತಿರ್ಗ ತುಂಬಿ ಕಟ್ಬೇಕಾಯ್ತದೆ, ಅಷ್ಟೇಯ."

"ಬುಡು ಬುಡು, ನಮ್ಮನೇಲೂ ಎಣ್ಮಕ್ಳವ್ರೆ." ಅವನು ಗಳ ಎತ್ತುತ್ತಾ ನಕ್ಕ. "ಈ ಸಲ ಗೇಟ್ ದಾಟೋ ಮಡ್ಲೆಲ್ಲಾ ತುಂಬಿದ್ ಬಸ್ರಿ ಒಟ್ಟೆ ಇದ್ದಂಗವೆ ಕಣ್ರಿ. ಓಗ್ರಿ."

ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಪ್ಪ ಕೊಳ್ಳೇಗಾಲ ಬರುವವರೆಗೂ ಎತ್ತುಗಳನ್ನೇ ಮಾತಾಡಿಸುತ್ತಾ ಗಾಡಿ ಹೊಡೆದರು.

ಊರಿನಲ್ಲಿ ಗೋಡೆಗಳ ಮೇಲೆಲ್ಲ ನೀರು ನಿಂತ ಗುರುತು ಕೆಂಪಗೆ ಗೆರೆ ಎಳೆದ ಹಾಗೆ ಇತ್ತು. ಬೀದಿಯಲ್ಲಿ ಕೊಳೆತ ರಾಗಿಯ ವಾಸನೆ. ನಾನು ನೇರವಾಗಿ ಒಳಗೆ ಹೋಗಿ ಅತ್ತೆಯ ಕೈಗೆ ಮಡಿಲು ಕೊಡಬೇಕೆಂದಿದ್ದೆ. ಆದರೆ ಬಾಗಿಲಲ್ಲಿ ಆಗಲೇ ಬೀದಿಯ ಮುತ್ತೈದೆಯರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮೊದಲ ಆಷಾಢ ಕಳೆದು ಬಂದ ಸೊಸೆ. ಊರು ಮುಳುಗಿದರೂ ಶಾಸ್ತ್ರ ಬಿಡುವುದಿಲ್ಲ. ಈ ಕಡೆ ಒಂದು ಪದ್ಧತಿ ಇತ್ತು, ಈಗ ಬಿಟ್ಟುಹೋಗಿದೆ. ಹಾಗೆ ಬಂದ ಸೊಸೆಯ ಮಡಿಲನ್ನು ದೇವರ ಗೂಡಿನ ಮುಂದೆ ಬಿಚ್ಚಿ, ಬಂದ ಮುತ್ತೈದೆಯರು ತಲಾ ಒಂದು ಹಿಡಿ ತಮ್ಮ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಅವರ ಮನೆಯೂ ತುಂಬಲಿ ಎಂದು. ಬೇಡ ಎನ್ನುವ ಹಾಗಿರಲಿಲ್ಲ.

ಅತ್ತೆ ವಿಧವೆ. ಅಂಥ ಕಡೆ ಎದುರಿಗೆ ಬರುವಂತಿಲ್ಲ. ಅಡುಗೆ ಮನೆಯ ಬಾಗಿಲಿನ ಒಳಗೆ ನಿಂತಿದ್ದರು.

ಪಕ್ಕದ ಮನೆಯ ಹಿರಿಯಾಕೆ ನನ್ನ ಗಂಟು ಬಿಚ್ಚಿದರು. ಮೊದಲಿಬ್ಬರು ಅಕ್ಕಿ ತೆಗೆದುಕೊಂಡರು. ಮೂರನೆಯವಳ ಕೈ ಸ್ವಲ್ಪ ಆಳಕ್ಕೆ ಹೋಯಿತು. ಮೇಲೆ ಬಂದಾಗ ಬೆರಳ ಸಂದಿಯಿಂದ ಕಪ್ಪು ಕಾಳು ಉದುರಿತು.

"ಅಯ್ಯೋ, ಕರಿಗಿಡ್ಡ ಕಣ್ರೇ!"

ಆಮೇಲೆ ಎಲ್ಲರ ಕೈಯೂ ಅಕ್ಕಿಯನ್ನು ಸರಿಸಿ ಕೆಳಗೆ ಹೋಯಿತು. ಯಾರೂ ಕಿತ್ತಾಡಲಿಲ್ಲ, ಅದು ನೆನಪಿಡಿ. ಒಬ್ಬೊಬ್ಬರೇ ಬಂದು, ನನ್ನ ಕೆನ್ನೆಗೆ ಅರಿಶಿನ ಹಚ್ಚಿ, ಒಂದು ಹಿಡಿ ತೆಗೆದುಕೊಂಡು, "ನಿನ್ನ ಒಟ್ಟೆ ತಣ್ಣಗಿರ್ಲವ್ವ" ಎಂದು ಹರಸಿ ಹೋದರು. ಹೋದವರು ಓರಗಿತ್ತಿಯರನ್ನು ಕಳಿಸಿದರು. ಮೇಲಿನ ಬೀದಿಯವರೂ ಬಂದರು. ಒಬ್ಬಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು.

"ಮಗಾ, ಸೆರಗು ಮುಚ್ಚವ್ವ" ಎಂದು ಒಳಗಿನಿಂದ ಅತ್ತೆ ಮೆಲ್ಲಗೆ ಹೇಳಿದ್ದು ಕೇಳಿಸಿತು. ನನಗೆ ಮಾತ್ರ ಕೇಳಿಸಿತು. ಎದುರಿಗೆ ಒಡ್ಡಿದ ಕೈ ಇರುವಾಗ ಸೆರಗು ಮುಚ್ಚುವುದು ಹೇಗೆ? ನಾನು ಮಡಿಲು ಹಿಡಿದು ನಿಂತೇ ಇದ್ದೆ. ಭಾರ ಕಡಿಮೆಯಾಗುತ್ತಾ ಬಂದದ್ದು ಸೊಂಟಕ್ಕೆ ಗೊತ್ತಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ ಮೊರ ತಂದರು. ಉಳಿದಿದ್ದ ಅಕ್ಕಿಯನ್ನೂ ರಾಗಿಯನ್ನೂ ಬೇರೆ ಮಾಡಿದರು. ನೆಲಕ್ಕೆ ಉದುರಿದ್ದನ್ನು ಬೆರಳಿನಿಂದ ಒಂದೊಂದಾಗಿ ಆರಿಸಿದರು. ಉಳಿದ ರಾಗಿ ಮೊರದ ಒಂದು ಮೂಲೆಗಷ್ಟೇ ಇತ್ತು. ನಿಮ್ಮ ತಾತ ಬಾಗಿಲಲ್ಲಿ ನಿಂತು ನೋಡಿದರು.

"ಗೇಟ್ನೋನೇ ಬುಟ್ಟ. ಬೀದಿಯೋರು ಬುಡ್ಲಿಲ್ಲ."

"ಬಾಯ್ ಮುಚ್ಲಾ" ಎಂದರು ಅತ್ತೆ. "ಅವ್ರ್ ಒಲ ನಮ್ಮೊಲಕ್ಕಿಂತ ಎತ್ರದಲ್ಲದಾ, ನೀರ್ ನುಗ್ದೆ ಇರಕೆ? ನಾನೂ ಬೇರೆ ಸೊಸೇರ್ ಮಡ್ಲಿಂದ ಅಂಗೇ ಇಸ್ಕಂಡ್ ಬಂದೋಳೇಯ." ನನ್ನ ಕಡೆ ತಿರುಗಿ, "ನೀ ಮೊಕ ತೊಳ್ಕ ಓಗವ್ವ, ಅರಿಸ್ನ ಕಣ್ಣಿಗಿಳೀತದೆ" ಎಂದರು.

ಶ್ರಾವಣ ಅರ್ಧ ಕಳೆಯಿತು. ಊರಿನ ಪಟೇಲಿಕೆ ಮಾಡುವ ಮಣಿಯಗಾರರು, ಮಾವನವರು ಸತ್ತಿದ್ದಾರೆ ಎಂದು ಸರ್ಕಾರಕ್ಕೆ ಹೇಳಿದ ಮೇಲೆ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಿತ್ತನೆ ಕೊಟ್ಟರು. ಅದು ಗೋಡೌನಿನ ರಾಗಿ. ಸುತ್ತಮುತ್ತಲಿನ ರೈತರಿಂದಲೇ ಲೆವಿ, ಎಂದರೆ ಸರ್ಕಾರದ ಪಾಲು, ಎಂದು ಅಳೆದುಕೊಂಡು ಹೋಗಿ, ಎಲ್ಲರದನ್ನೂ ಒಂದೇ ರಾಶಿಗೆ ಸುರಿದಿದ್ದದ್ದು. ಉಣ್ಣಲು ತೆಗೆದಿಟ್ಟದ್ದನ್ನೇ ಬಿತ್ತನೆ ಎಂದು ಚೀಲಕ್ಕೆ ತುಂಬಿದ್ದರು. ಕೊಟ್ಟವರ ಮೇಲೆ ಕೋಪವಿಲ್ಲ. ಮೇಲಿನವರು ರಾಗಿ ಕಳಿಸಿ ಎಂದರು, ಇವರು ಕಳಿಸಿದರು. ಯಾವ ರಾಗಿ ಎಂದು ಬರೆಯಲು ಅವರ ಹುಕುಮಿನಲ್ಲಿ ಜಾಗ ಇರಲಿಲ್ಲವೋ ಏನೋ.

ಅತ್ತೆ ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ತಿಪ್ಪೆಯಲ್ಲಿ ಹೂತರು. ತೆಗೆದಾಗ ಅರ್ಧ ಮೊಳೆತಿತ್ತು, ಅರ್ಧ ಹಾಗೇ ಇತ್ತು. "ಒತ್ತಾಗಿ ಚೆಲ್ಲು" ಎಂದರು ಮಗನಿಗೆ. ಚೀಲ ತೆಗೆದುಕೊಂಡ ಮೇಲೆ ಅದನ್ನೇ ಬಿತ್ತಬೇಕು, ಬಿತ್ತಿದ್ದಾರೋ ಇಲ್ಲವೋ ಎಂದು ನೋಡಲು ಬರುತ್ತಾರೆ, ಸುಗ್ಗಿಯಲ್ಲಿ ಕೊಟ್ಟದ್ದರ ಮೇಲೆ ಕಾಲುಪಾಲು ಸೇರಿಸಿ ಹಿಂದಿರುಗಿಸಬೇಕು. ಹೊಲಕ್ಕೆಲ್ಲ ಸರ್ಕಾರದ್ದೇ ಹಾಕಿದೆವು. ಮೊರದಲ್ಲಿ ಉಳಿದಿದ್ದ ಕರಿಗಿಡ್ಡವನ್ನು ಬಾವಿಯ ಪಕ್ಕದ ತುಂಡು ನೆಲದಲ್ಲಿ ಒಟ್ಲು ಬಿಟ್ಟು, ಅಲ್ಲೇ ನಾಟಿ ಹಾಕಿದರು ಅತ್ತೆ. ಒಂದೊಂದೇ ಪೈರು, ನನ್ನ ಕೈಯಿಂದಲೂ ಹಾಕಿಸದೆ.

ನೋಡಲು ಬಂದವರು ಬಾವಿಯ ಹತ್ತಿರ ನಿಂತು, "ಇದು ನಾವು ಕೊಟ್ಟದ್ದಲ್ಲವಲ್ಲ?" ಎಂದರು.

"ಅಲ್ಲ ಸಾ. ಸೊಸೆ ತೌರಿನ್ ಮಡ್ಲಕ್ಕಿ" ಎಂದರು ಅತ್ತೆ. ಬಂದವರು ಇನ್ನೂ ಎಷ್ಟು ಊರು ನೋಡಬೇಕಿತ್ತೋ, ತಲೆಯಾಡಿಸಿ ಹೋದರು.

ಆ ವರ್ಷದ ಬೆಳೆಯ ವಿಷಯ ಉದ್ದ ಮಾಡುವುದಿಲ್ಲ. ಸರ್ಕಾರದ ರಾಗಿ ಒಂದು ಸಾಲು ಎದೆಯುದ್ದ, ಒಂದು ಸಾಲು ಮೊಣಕಾಲುದ್ದ. ಒಂದು ಗಿಡ ಒಣಗಿ ಉದುರುವಾಗ ಪಕ್ಕದ್ದು ಹಾಲುಗಾಳು. ಆಯ್ದು ಆಯ್ದು ಕೊಯ್ದು ನನ್ನ ಕೈಗಳಲ್ಲಿ ಗಾಯ. ಬಂದದ್ದರಲ್ಲಿ ಹಿಂದಿರುಗಿಸುವುದನ್ನು ಅಳೆದುಕೊಟ್ಟ ಮೇಲೆ ಸಂಕ್ರಾಂತಿಗೇ ವಾಡೆಯ ತಳ ಕಾಣಿಸಿತು. ಆಮೇಲೆ ಸಜ್ಜೆ ಗಂಜಿ, ಸೊಪ್ಪು. ಬಾವಿಯ ಪಕ್ಕದ ಕರಿಗಿಡ್ಡ ಮಾತ್ರ ಒಂದೇ ಸಮನೆ ಬಂತು. ಅತ್ತೆ ದಿನವೆಲ್ಲ ಅಲ್ಲೇ ಕೂತು ಗುಬ್ಬಿ ಓಡಿಸಿದರು. ತೆನೆಗಳನ್ನು ಕೈಯಿಂದಲೇ ಉಜ್ಜಿ, ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಟ್ಟರು. ಮನೆಯಲ್ಲಿ ರಾಗಿ ಇದ್ದೂ ಗಂಜಿ ಕುಡಿಯುವುದು ಕಷ್ಟ, ಮಕ್ಕಳೇ. ನಿಮ್ಮ ತಾತ ಒಂದು ದಿನ ಆ ಮಡಕೆಯ ಕಡೆ ನೋಡಿದರು. "ಕಣ್ ಅತ್ಲಾಗ್ ತಿರುಗ್ಸು" ಎಂದರು ಅತ್ತೆ.

ನನ್ನ ಮಡಿಲಿನಿಂದ ಹೋದ ಹಿಡಿಗಳು ಏನಾದವು ಎಂದು ಕೇಳುತ್ತೀರಿ. ಕೆಲವರು ಬಿತ್ತಿದರು. ಬಹಳ ಜನ ಅಂಬಲಿ ಮಾಡಿ ಮಕ್ಕಳಿಗೆ ಕುಡಿಸಿದರು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವಳು ಅದನ್ನು ಬಾಯಿಬಿಟ್ಟೇ ಹೇಳಿದಳು.

ಮರುವರ್ಷ ಒಟ್ಲು ಬಿಡುವ ಕಾಲಕ್ಕೆ ಅವಳೇ ಮೊದಲು ನಮ್ಮ ಮನೆಗೆ ಬಂದಳು, ಬಿತ್ತನೆ ಕೇಳಲು. ಹಿಂದೆ ಇನ್ನೂ ಕೆಲವು ಹೆಂಗಸರು. ಈ ಸಲ ಮಡಿಲಿಲ್ಲ, ಶಾಸ್ತ್ರವಿಲ್ಲ. ಅತ್ತೆ ಮಡಕೆ ತಂದು ನಡುಮನೆಯಲ್ಲಿ ಇಟ್ಟರು. ಕೊಡಲು ನನ್ನನ್ನು ಕರೆದರು. ವಿಧವೆಯ ಕೈಯಿಂದ ಬಿತ್ತನೆ ಪಡೆಯುವುದು ಶುಭವಲ್ಲವೆಂದು ಆಗ ಜನ ನಂಬಿದ್ದರು. ನನಗೆ ಆಗ ನಿಮ್ಮ ಅಪ್ಪ ಹೊಟ್ಟೆಯಲ್ಲಿ. ಬಗ್ಗಲು ಆಗುತ್ತಿರಲಿಲ್ಲ. ನಾನು ತಡವರಿಸುವುದನ್ನು ನೋಡಿ ಆ ಹೆಂಗಸು, "ನೀವೇ ಕೊಡಿ ಅತ್ತೆ" ಎಂದಳು.

"ನನ್ ಕೈಯಿಂದ ಬಿತ್ನೆ ಈಸ್ಕಂಡೀಯೇನೇ?"

"ಸರ್ಕಾರದ್ ಕೈಯಿಂದ್ಲೇ ಈಸ್ಕಂಡಿಲ್ವಾ! ಅದ್ಕೇನ್ ತಾಳಿ ಇತ್ತಾ?"

ನಡುಮನೆಯಲ್ಲಿ ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಮಡಕೆಯ ಬಾಯಿಯ ಸಗಣಿ ಒಡೆದು, ಮೊದಲು ನಮ್ಮ ಹೊಲಕ್ಕೆ ಬೇಕಾದ್ದನ್ನು ಮೊರಕ್ಕೆ ತೆಗೆದಿಟ್ಟರು. ಆಮೇಲೆ ತಮ್ಮ ಕೈಯಿಂದಲೇ ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೊಟ್ಟರು. ಆ ವರ್ಷ ನಮ್ಮ ಹೊಲದ ತುಂಬ ಕರಿಗಿಡ್ಡ ಬಂತು. ಊರಿನಲ್ಲೂ ಅಲ್ಲಲ್ಲಿ ಬಂತು.

ಬಹಳ ಕಾಲ ಬಿತ್ತಿದೆವು. ಆಮೇಲೆ ಸರ್ಕಾರವೇ ಹೊಸ ತಳಿ ತಂದುಕೊಟ್ಟಿತು. ಒಳ್ಳೆಯ ತಳಿ, ಇಳುವರಿ ಹೆಚ್ಚು. ಎಲ್ಲರ ಹಾಗೆ ನಾವೂ ಅದಕ್ಕೇ ತಿರುಗಿದೆವು. ಕರಿಗಿಡ್ಡದ ಮಡಕೆಯನ್ನು ಯಾವ ವರ್ಷ ತುಂಬದೆ ಬಿಟ್ಟೆನೋ ನೆನಪಿಲ್ಲ. ಈಗ ಯಾರ ಮನೆಯಲ್ಲೂ ಒಂದು ಕಾಳು ಇಲ್ಲ, ಕೇಳಿ ನೋಡಿದ್ದೇನೆ.

ಅದು ಹೇಗಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಇನ್ನು ಈ ಹಾಳೆಗಳಲ್ಲಿ ಮಾತ್ರ. ಇವನ್ನು ಅಟ್ಟಕ್ಕೆ ಎಸೆಯಬೇಡಿ, ಇಲಿ ಇವೆ. ನೆಲದ ಪೆಟ್ಟಿಗೆಯೂ ಬೇಡ, ಮಳೆಗಾಲದಲ್ಲಿ ತೇವ ಏರುತ್ತದೆ. ಒಂದೆರಡು ಬೇವಿನೆಲೆ ಹಾಕಿ, ಬಟ್ಟೆಯಲ್ಲಿ ಸುತ್ತಿ, ನಿಮ್ಮ ಕೈಗೆ ಎಟಕುವ ಕಡೆ ಇಟ್ಟುಕೊಳ್ಳಿ.